ಬಗ್ಗಿಸಿದ ಕಡೆ ಹಿಡಿಯುವ ಸ್ಟೀಲು

ನಮ್ಮಪ್ಪನ ಅಂಗಿಯ ಎಡಗಡೆಯ ಕಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿದ್ದದ್ದು ಒಂದು ಮ್ಯಾಗ್ನೆಟ್ಟು. ಕೆಟ್ಟ ರೇಡಿಯೋ ಒಂದರ ಸ್ಪೀಕರಿನಿಂದ ಕಿತ್ತು ತೆಗೆದ, ಅಂಚು ಒಡೆದ ಕರಿ ಬಿಲ್ಲೆ. ಅದರ ಭಾರಕ್ಕೆ ಕಿಸೆ ಹರಿಯುತ್ತದೆಂದು ಅವ್ವ ಪ್ರತಿ ಹೊಸ ಅಂಗಿಗೂ ಒಳಗಡೆ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಯುತ್ತಿದ್ದಳು. ಮದುವೆ ಮನೆಗೆ ಹೋಗುವಾಗಲೂ ಅಪ್ಪ ಅದನ್ನು ತೆಗೆದಿಡುತ್ತಿರಲಿಲ್ಲ. ಒಮ್ಮೆ ಊಟದ ಪಂಕ್ತಿಯಲ್ಲಿ ಕೂತು, ಬೀಗರು ಬಳುವಳಿ ಕೊಟ್ಟ ಹೊಸ ಲೋಟಕ್ಕೆ ಅದನ್ನು ಮುಟ್ಟಿಸಿ ನೋಡಿ ಅವ್ವನ ಮಾನ ಕಳೆದಿದ್ದರು.

ನಮ್ಮ ಅಂಗಡಿ ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ, ಮನೆ ಕಾಚಿಗೂಡದಲ್ಲಿ. ಅಂಗಡಿಯಲ್ಲಿ ಪೈಪು, ಶೀಟು, ಸರಳು, ಪಟ್ಟಿ. ಕಬ್ಬಿಣ, ಸ್ಟೀಲು, ತಾಮ್ರ, ಹಿತ್ತಾಳೆ, ಎಲ್ಲವೂ. ಭಾಲ್ಕಿ ಕಡೆಯ ಹಳ್ಳಿಯಿಂದ ಬಂದ ಅಪ್ಪ ಮೊದಲು ಇದೇ ಬಜಾರಿನಲ್ಲಿ ಹಮಾಲಿ ಮಾಡಿದರು, ಆಮೇಲೆ ಗುಜರಿ ಮಾರಿದರು, ಆಮೇಲೆ ಅಂಗಡಿ ಹಾಕಿದರು. ಪೈಪಿನ ಮೇಲೆ ಇಂಗ್ಲಿಷಿನಲ್ಲಿ ಏನು ಅಚ್ಚಾಗಿದೆ ಎಂದು ಓದಲು ಅವರಿಗೆ ಬರುತ್ತಿರಲಿಲ್ಲ. ತಟ್ಟಿದರೆ ಬರುವ ಸಪ್ಪಳ, ಕೈಗೆ ಸಿಗುವ ಭಾರ, ಸಾಣೆಕಲ್ಲಿಗೆ ಹಿಡಿದರೆ ಹಾರುವ ಕಿಡಿ, ಕೊನೆಗೆ ಮ್ಯಾಗ್ನೆಟ್ಟು, ಇಷ್ಟರಲ್ಲೇ ಲೋಹ ಗುರುತಿಸುತ್ತಿದ್ದರು. ಮ್ಯಾಗ್ನೆಟ್ ಹಿಡಿಯದಿದ್ದರೆ ಅಸಲಿ ಸ್ಟೀಲು, ಹಿಡಿದರೆ ನಕಲಿ. ಬಜಾರಿನವರು ಅವರನ್ನು ‘ಚುಂಬಕ್‌ವಾಲೇ’ ಎಂದು ಕರೆಯುತ್ತಿದ್ದರು. ಜಗಳ ಬಿದ್ದ ವ್ಯಾಪಾರಿಗಳು ಪೈಪಿನ ತುಂಡು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದು ಪಂಚಾಯ್ತಿ ಮಾಡಿಸಿಕೊಂಡು ಹೋಗುತ್ತಿದ್ದರು.

ಅಪ್ಪನ ಬಳಿ ಒಂದು ಕಥೆ ಇತ್ತು. ಹೊಸ ಗಿರಾಕಿ ಬಂದು ಚಹಾ ಕುಡಿಯುತ್ತ ಕೂತರೆ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಮುಶೀರಾಬಾದಿನಲ್ಲಿ ಒಬ್ಬ ಉಸ್ತಾದ್ ಇದ್ದರು, ಪೈಪು ಬಗ್ಗಿಸುವುದರಲ್ಲಿ ಎತ್ತಿದ ಕೈ. ಮದುವೆ ನಡೆಯುವ ಒಂದು ಶಾದಿಖಾನೆಯ ಮೆಟ್ಟಿಲಿಗೆ ಸ್ಟೀಲಿನ ಕಂಬಿ ಬೇಕಾಗಿತ್ತು. ಅಪ್ಪ ನೆಟ್ಟಗಿನ ಪೈಪು ಕೊಟ್ಟರು, ಉಸ್ತಾದ್ ಬಗ್ಗಿಸಿ ತಂದರು. ಅಪ್ಪ ಮ್ಯಾಗ್ನೆಟ್ ಇಟ್ಟು ನೋಡಿದರೆ ಹಿಡಿಯಿತು. ತಾನು ಕೊಟ್ಟ ಅಸಲಿ ಪೈಪು ಒಳಗೆ ಹಾಕಿಕೊಂಡು ನಕಲಿ ಪೈಪು ಬಗ್ಗಿಸಿ ತಂದಿದ್ದಾನೆ ಎಂದು ಅಪ್ಪ ತೀರ್ಮಾನಿಸಿದರು. ಬಜಾರಿನ ನಡುವೆ ನಿಲ್ಲಿಸಿ ‘ಬೇಇಮಾನ್’ ಅಂದರು. ಅವತ್ತಿನಿಂದ ರಾಣಿಗಂಜ್‌ನಲ್ಲಿ ಯಾರೂ ಆ ಉಸ್ತಾದನಿಗೆ ಸ್ಟೀಲಿನ ಕೆಲಸ ಕೊಡಲಿಲ್ಲ. ಕಥೆ ಇಲ್ಲಿಗೆ ಬರುವಾಗ ಅಪ್ಪ ಕಿಸೆಗೆ ಕೈ ಹಾಕಿ ಮ್ಯಾಗ್ನೆಟ್ ತೆಗೆದು ಅಂಗೈ ಮೇಲೆ ಇಟ್ಟು ತೋರಿಸುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಆ ಘಳಿಗೆ ಭಾರೀ ಇಷ್ಟವಾಗಿತ್ತು.

ನಾನು ಕೆಮಿಸ್ಟ್ರಿ ಓದಿ ಡಿಗ್ರಿ ಮುಗಿಸಿದ ಹೊತ್ತಿಗೆ ಊರಿಗೆ ಊರೇ ಅಮೀರ್‌ಪೇಟೆಗೆ ಹೊರಟಿತ್ತು. ಅಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕೋರ್ಸು. ಕಾಚಿಗೂಡದ ನಮ್ಮ ಮನೆಗೆ ಬಂದ ನೆಂಟರೆಲ್ಲ ನನ್ನ ಮುಖ ನೋಡಿದ ತಕ್ಷಣ ಯಾವ ಕೋರ್ಸು ಎಂದು ಕೇಳುತ್ತಿದ್ದರು. ನಾನು ಅಂಗಡಿಯಲ್ಲಿ ಕೂಡುತ್ತೇನೆ ಅಂದಾಗ ಅತ್ತೆ ಒಬ್ಬರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

“ಹೆಣ್ಣಹುಡುಗಿ ಕಬ್ಬಿಣದಾಗ ಕೂತು ಏನ್ ಮಾಡ್ತಿ? ಮಾದಾಪುರದಾಗ ಎಸಿ ಒಳಗ ಕುಂಡರೂದು ಬಿಟ್ಟು,” ಅಂದರು.

“ಎಸಿ ಒಳಗ ಕೂತಾವ್ರು ಮೆಟ್ಲ ಹತ್ತೂವಾಗ ಏನ್ ಹಿಡ್ಕೋತಾರ್ರಿ ಅತ್ತಿ? ಆ ಕಂಬಿ ನಾ ಮಾರ್ತೀನಿ,” ಅಂದೆ.

ಮನೆಯಲ್ಲಿ ನನ್ನ ನಾಲಿಗೆ ಉದ್ದ ಎಂಬ ಮಾತು ಹೊಸದೇನಲ್ಲ. ಅವ್ವ ಒಳಗೆ ಹೋದಳು. ಅಪ್ಪ ನಕ್ಕು ಮರುದಿನ ಬೆಳಿಗ್ಗೆ ಅಂಗಡಿಗೆ ಕರೆದುಕೊಂಡು ಹೋದರು.

ಮೊದಲ ವರ್ಷ ನಾನು ಕಲಿತದ್ದಕ್ಕಿಂತ ಜಗಳಾಡಿದ್ದೇ ಹೆಚ್ಚು. ನಮ್ಮ ಕಡೆ ಅಲ್ಯೂಮಿನಿಯಂಗೆ ಜರ್ಮನ್ ಅನ್ನುತ್ತಾರೆ; ಜರ್ಮನ್ ಬೋಗುಣಿ, ಜರ್ಮನ್ ಡಬರಿ. ಮಾದಾಪುರದ ಒಂದು ಆಫೀಸಿನ ಖರೀದಿ ಸಾಹೇಬರು ಕಿಟಕಿಗೆ ಚೌಕಟ್ಟಿನ ಪಟ್ಟಿ ನೋಡಲು ಬಂದು ಇದು ಯಾವ ಮಾಲು ಎಂದು ಕೇಳಿದರು. ಅಪ್ಪ ಸಹಜವಾಗಿ “ಜರ್ಮನ್ ಹೈ ಸಾಬ್” ಅಂದರು. ಅವರ ಮುಖ ಅರಳಿತು. ಜರ್ಮನಿಯಿಂದ ಬಂದ ಮಾಲು ಎಂದು ಡೈರಿಯಲ್ಲಿ ಬರೆದುಕೊಂಡು ಹೊರಟರು. ನಾನು ಬೀದಿಯವರೆಗೂ ಓಡಿ ಹೋಗಿ, ಅವರ ಕಾರಿನ ಕಿಟಕಿ ತಟ್ಟಿ, ಅದು ಬರೀ ಅಲ್ಯೂಮಿನಿಯಂ, ಇಲ್ಲೇ ತಯಾರಾದದ್ದು ಎಂದು ಹೇಳಿ ಬಂದೆ. ಅವರು ಮತ್ತೆ ಬರಲಿಲ್ಲ. ಪಕ್ಕದ ಅಂಗಡಿಯವರು ಒಂದು ವಾರ ನನ್ನನ್ನು ‘ಜರ್ಮನ್ ಮೇಡಂ’ ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಲೋಹದ ವ್ಯಾಪಾರದಲ್ಲಿ ಹೆಸರೇ ದೊಡ್ಡ ಮೋಸ. ಸ್ಟೀಲು ಅಂದರೆ ಒಂದು ವಸ್ತು ಎಂದು ಜನ ತಿಳಿದಿದ್ದಾರೆ, ಆದರೆ ಅದೊಂದು ದೊಡ್ಡ ಕುಟುಂಬ. ಮನೆಯಲ್ಲಿ, ಆಸ್ಪತ್ರೆಯಲ್ಲಿ, ಕಟ್ಟಡದಲ್ಲಿ ಬಳಸುವ ಒಳ್ಳೆಯ ಸ್ಟೀಲಿಗೆ ಬಜಾರಿನಲ್ಲಿ ಮುನ್ನೂರನಾಲ್ಕು ಅನ್ನುತ್ತಾರೆ. ಅದರಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇರುತ್ತದೆ, ಸಾಕಷ್ಟು ನಿಕ್ಕಲ್ ಇರುತ್ತದೆ. ನಿಕ್ಕಲ್ ತುಟ್ಟಿ. ಅದನ್ನು ಕಡಿಮೆ ಮಾಡಿ ಅದರ ಜಾಗಕ್ಕೆ ಮ್ಯಾಂಗನೀಸ್ ಹಾಕಿದರೆ ಇನ್ನೂರೆರಡು ಅನ್ನುವ ತಂಗಿ ಹುಟ್ಟುತ್ತಾಳೆ. ಹೊಸದರಲ್ಲಿ ಇಬ್ಬರದೂ ಒಂದೇ ಹೊಳಪು. ಇಬ್ಬರಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಎರಡು ಮಳೆಗಾಲ, ನಾಲ್ಕು ಸಲ ಆ್ಯಸಿಡ್ ಹಾಕಿ ನೆಲ ತೊಳೆದದ್ದು ಆಯಿತೆಂದರೆ ತಂಗಿಯ ಮೈಮೇಲೆ ಕಂದು ಚುಕ್ಕೆ ಏಳುತ್ತವೆ.

ಇನ್ನೊಂದು ಸಂಗತಿಯನ್ನು ಕೋಠಿಯ ಹಳೇ ಪುಸ್ತಕದ ಅಂಗಡಿಯಿಂದ ತಂದ ಒಂದು ಪುಸ್ತಕದಲ್ಲಿ ಓದಿದೆ. ಮುನ್ನೂರನಾಲ್ಕನ್ನು ಕಾಯಿಸದೆ ತಣ್ಣಗೇ ಬಗ್ಗಿಸಿದರೆ, ಬಗ್ಗಿದ ಜಾಗದಲ್ಲಿ ಅದರ ಒಳಗಿನ ಜೋಡಣೆ ಬದಲಾಗುತ್ತದೆ. ಅಲ್ಲಿ ಮ್ಯಾಗ್ನೆಟ್ ಸ್ವಲ್ಪ ಹಿಡಿಯುತ್ತದೆ. ಲೋಹ ಅದೇ, ಅದರೊಳಗಿನ ನಿಕ್ಕಲ್ ಅಷ್ಟೇ, ತುಕ್ಕು ತಡೆಯುವ ಗುಣಕ್ಕೂ ಅಂಥ ಧಕ್ಕೆ ಏನಿಲ್ಲ. ನಾನು ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಚಹಾದ ಬಸಿಯಿಂದ ತಲೆ ಎತ್ತಲಿಲ್ಲ.

“ಪುಸ್ತಕಕ್ಕ ತುಕ್ಕ ಹಿಡಿಯಂಗಿಲ್ಲ ಮಗಳ. ಅದು ಏನ್ ಬೇಕಾದ್ರೂ ಹೇಳ್ತೈತಿ,” ಅಂದರು.

ನಾನು ಆಗ ಉಸ್ತಾದನ ಕಥೆ ನೆನಪಿಸಿಕೊಳ್ಳಬೇಕಿತ್ತು. ನೆನಪಾಗಲಿಲ್ಲ. ನನ್ನ ಜಾಣತನದ ಮಿತಿ ಅಷ್ಟೇ ಇತ್ತು.

ಆಮೇಲೆ ಮಾದಾಪುರದ ಆರ್ಡರು ಬಂತು. ಒಂದು ಸಾಫ್ಟ್‌ವೇರ್ ಕಂಪನಿಗೆಂದು ಕಟ್ಟುತ್ತಿದ್ದ ಗಾಜಿನ ಕಟ್ಟಡ. ಅದರ ಮೆಟ್ಟಿಲುಗಳಿಗೆಲ್ಲ ಸ್ಟೀಲಿನ ಕಂಬಿ ಬೇಕು, ಮುನ್ನೂರನಾಲ್ಕೇ ಆಗಬೇಕು ಎಂದು ಕಾಗದದಲ್ಲಿ ಬರೆದಿತ್ತು. ರಾಣಿಗಂಜ್‌ನ ಒಂದು ಅಂಗಡಿಗೆ ಅಂಥ ಕೆಲಸ ಸಿಗುವುದೆಂದರೆ ಇಡೀ ಬಜಾರು ತಿರುಗಿ ನೋಡುತ್ತಿತ್ತು. ಪೈಪು ನಾನೇ ಆರಿಸಿದೆ. ಒಂದೊಂದು ಪೈಪಿನ ತುದಿಗೂ ಪಂಚಿನಿಂದ ಮೂರು ಚುಕ್ಕೆ ಹೊಡೆದು ಗುರುತು ಮಾಡಿದೆ. ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಬಗ್ಗಿಸಲು ಕೊಟ್ಟು ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಮಷಿನ್ನಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಬುತ್ತಿಯನ್ನೂ ಅಲ್ಲೇ ತಿಂದೆ. ನನ್ನ ಕಣ್ಣು ತಪ್ಪಿಸಿ ಅಲ್ಲಿ ಒಂದು ಮೊಳೆಯೂ ಬದಲಾಗುವಂತಿರಲಿಲ್ಲ.

ಮಾಲು ಮಾದಾಪುರಕ್ಕೆ ಹೋದ ಮರುದಿನವೇ ಫೋನು ಬಂತು. ಸೈಟಿನ ಎಂಜಿನಿಯರ್ ಕೀಲಿ ಗೊಂಚಲಿನಲ್ಲಿ ಒಂದು ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಂಡಿದ್ದರು. ಬೆಂಡುಗಳಿಗೆಲ್ಲ, ಅಂದರೆ ಬಗ್ಗಿಸಿದ ಕಡೆಯಲ್ಲೆಲ್ಲ, ಅದು ಹಿಡಿಯುತ್ತಿದೆ, ನಿಮ್ಮದು ಡೂಪ್ಲಿಕೇಟ್ ಮಾಲು, ವಾಪಸ್ ಒಯ್ಯಿರಿ ಅಂದರು. ಸುಮ್ಮನೆ ಒಯ್ದರೆ ಸಾಲದು. ಕೊಟ್ಟ ಮಾಲು ಮುನ್ನೂರನಾಲ್ಕು ಅಲ್ಲ ಎಂದು ಅಂಗಡಿಯ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಹಾಗೆ ಕೊಟ್ಟರೆ ಬದಲಿ ಮಾಲು ಕೊಡುವ ಅವಕಾಶ ನಮಗೇ ಇರುತ್ತದೆ. ಇಲ್ಲವಾದರೆ ಆರ್ಡರು ರದ್ದು.

ಅಂಗಡಿಯ ಹಿಂದೆ ಹೆಚ್ಚಾಗಿ ಉಳಿದಿದ್ದ ಎರಡು ಬೆಂಡು ಇದ್ದವು. ಅಪ್ಪ ಅವನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ಕಿಸೆಯಿಂದ ಮ್ಯಾಗ್ನೆಟ್ ತೆಗೆದರು. ನೆಟ್ಟಗಿನ ಭಾಗದಲ್ಲಿ ಅದು ಜಾರಿತು. ಬಗ್ಗಿದ ಕಡೆ ಬಂದಾಗ ಕೈಯನ್ನು ಸ್ವಲ್ಪ ಎಳೆಯಿತು. ಅವರು ಮೂರು ಸಲ ನೋಡಿದರು.

“ಹಿಡಿಯಾಕತ್ತೈತಿ,” ಅಂದರು.

“ಬಗ್ಗಿಸಿದ್ದಕ್ಕ ಹಿಡಿಯಾಕತ್ತೈತ್ರಿ ಅಪ್ಪಾ. ನಾ ಹೇಳಿದ್ನಲ್ಲ.”

“ಬಾಲಾನಗರದಾಂವ ಪೈಪ್ ಬದಲಿ ಮಾಡ್ಯಾನ. ಇಂಥಾವ್ರನ್ನ ಭಾಳ ಮಂದೀನ ನೋಡೀನಿ ನಾ. ಸಹಿ ಮಾಡಿ ಕೊಟ್ಟು ಬರೂಣು. ತಪ್ಪ ಆದ್ರ ಒಪ್ಕೋಬೇಕು.”

“ನನ್ನ ಪಂಚಿನ ಗುರ್ತು ಅದಾವ ನೋಡ್ರಿ. ಮೂರು ದಿನ ನಾ ಅಲ್ಲೇ ಕೂತಿದ್ದೆ.”

“ಕಣ್ಣಿಗೆ ಮಣ್ಣ ಎರಚಾಕ ಎಷ್ಟೊತ್ತು ಬೇಕ ಮಗಳ? ಮ್ಯಾಗ್ನೆಟ್ಟಿಗೆ ಎರಚಾಕ ಬರಂಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಹೊರಗಿನವರು ಡೂಪ್ಲಿಕೇಟ್ ಅಂದರೆ ನಾನು ತಡೆದುಕೊಳ್ಳಬಲ್ಲೆ. ಮೂರು ದಿನ ಎದುರಿಗೆ ಕೂತು ಬಗ್ಗಿಸಿ ತಂದದ್ದನ್ನು ನನ್ನ ತಂದೆ ನಂಬುವುದಿಲ್ಲ, ಕೆಟ್ಟ ರೇಡಿಯೋದ ತುಂಡೊಂದನ್ನು ನಂಬುತ್ತಾರೆ.

“ಹಂಗಾದ್ರ ಅದು ಖರೆ, ನಾ ಸುಳ್ಳಿ ಅಂದಂಗಾತು. ಕಾಗದದಾಗ ಅದನ್ನೂ ಬರೀರಿ. ನಾ ಮಾತ್ರ ಸಹಿ ಮಾಡಂಗಿಲ್ರಿ. ನೀವು ಮಾಡಿದ್ರ ನಾಳಿಯಿಂದ ನಾ ಅಂಗಡಿಗೆ ಬರಂಗಿಲ್ಲ,” ಅಂದೆ.

ಅಪ್ಪ ಮ್ಯಾಗ್ನೆಟ್ಟನ್ನು ಕಿಸೆಗೆ ಹಾಕಿಕೊಂಡರು. ನನ್ನ ಮುಖ ನೋಡದೆ, ನಾಳೆ ಮಾದಾಪುರಕ್ಕೆ ಇಬ್ಬರೂ ಹೋಗೋಣ, ನಿನಗೆ ಏನು ತೋರಿಸಬೇಕೋ ಅಲ್ಲೇ ತೋರಿಸು ಅಂದರು. ಆ ಸಂಜೆ ಮನೆಗೆ ಒಂದೇ ಬಸ್ಸಿನಲ್ಲಿ ಹೋದೆವು. ಅವರು ಹಿಂದೆ ನಿಂತರು, ನಾನು ಮುಂದೆ ಕೂತೆ.

ಮರುದಿನ ನಾನು ಚೀಲದಲ್ಲಿ ಮೂರು ಸಾಮಾನು ತುಂಬಿಕೊಂಡು ಹೋದೆ. ಒಂದು ಬೆಂಡು, ಒಂದು ಚಿಕ್ಕ ಬ್ಯಾಟರಿ, ಸ್ಟೀಲು ಪರೀಕ್ಷೆ ಮಾಡುವ ದ್ರಾವಣದ ಬಾಟಲಿ. ಕಟ್ಟಡದ ಕೆಳ ಅಂತಸ್ತಿನಲ್ಲಿ ಇನ್ನೂ ಗಾಜು ಕೂರಿಸಿರಲಿಲ್ಲ, ಧೂಳು ಕಾಲಿನ ಕೆಳಗೆ ಕರಕರ ಅನ್ನುತ್ತಿತ್ತು. ನಮ್ಮ ಕಂಬಿಗಳನ್ನು ಒಂದು ಮೂಲೆಯಲ್ಲಿ ಒಟ್ಟಿದ್ದರು. ಪಕ್ಕದಲ್ಲಿ ಇನ್ನೊಂದು ಅಂಗಡಿಯವರು ಬಿಟ್ಟುಹೋದ ನಮೂನೆಯ ನೆಟ್ಟಗಿನ ಪೈಪು ಇತ್ತು, ಫಳಫಳ ಹೊಳೆಯುತ್ತಿತ್ತು. ಎಂಜಿನಿಯರ್ ನನ್ನ ವಯಸ್ಸಿನವರೇ. ಅವರು ಆಡಿದ್ದು ತೆಲುಗು, ನಡುನಡುವೆ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ನೋಡಿ ಮೇಡಂ,” ಅಂದು ಕೀಲಿ ಗೊಂಚಲನ್ನು ಆ ಹೊಳೆಯುವ ಪೈಪಿಗೆ ಇಟ್ಟರು. ಅದು ಜಾರಿ ಬಿತ್ತು. “ಇದು ಅಸಲಿ.”

ನಾನು ಆ ಪೈಪಿನ ಮೇಲೆ ಒಂದು ಹನಿ ದ್ರಾವಣ ಬಿಟ್ಟು ಬ್ಯಾಟರಿಯ ತಂತಿ ಮುಟ್ಟಿಸಿದೆ. ಹನಿ ಕೆಂಪಾಯಿತು. ನಮ್ಮ ಬೆಂಡಿನ ಮೇಲೆ ಇನ್ನೊಂದು ಹನಿ ಬಿಟ್ಟೆ. ಬಣ್ಣ ತಿರುಗಲಿಲ್ಲ. ಕೆಂಪಾದದ್ದರಲ್ಲಿ ಮ್ಯಾಂಗನೀಸ್ ಜಾಸ್ತಿ, ಅದು ಇನ್ನೂರೆರಡು. ಮ್ಯಾಗ್ನೆಟ್ಟಿಗೆ ಆ ಭೇದ ಗೊತ್ತಾಗುವುದಿಲ್ಲ ಎಂದು ಹೇಳಿದೆ. ಅವರು ತಲೆ ಕೆರೆದುಕೊಂಡರು. ಅಪ್ಪ ಒಂದು ಸಿಮೆಂಟು ಚೀಲದ ಮೇಲೆ ಕೂತು ನೋಡುತ್ತಿದ್ದರು. ದ್ರಾವಣ, ಹನಿ, ಇದೆಲ್ಲ ಅವರಿಗೆ ಪುಸ್ತಕದ ಪೈಕಿ ಎಂದು ನನಗೆ ಗೊತ್ತಿತ್ತು. ಅವರಿಗೆ ಬೇರೆಯದೇ ಬೇಕಾಗಿತ್ತು.

ಅಲ್ಲೇ ಗ್ಯಾಸ್ ವೆಲ್ಡಿಂಗ್ ನಡೆಯುತ್ತಿತ್ತು. ನಾನು ವೆಲ್ಡರಿಗೆ ಹೇಳಿ ನಮ್ಮ ಬೆಂಡಿನಿಂದ, ಗುರುತಿದ್ದ ತುದಿ ಸೇರಿಸಿ, ಗರಗಸದಲ್ಲಿ ಗೇಣುದ್ದದ ತುಂಡು ಕೊಯ್ಯಿಸಿದೆ. ಅದನ್ನು ಅಪ್ಪನ ಕೈಗೆ ಕೊಟ್ಟೆ.

“ನಿಮ್ಮ ಮ್ಯಾಗ್ನೆಟ್ ಹಚ್ಚಿ ನೋಡ್ರಿ.”

ಹಚ್ಚಿದರು. ಹಿಡಿಯಿತು. ವೆಲ್ಡರ್ ಆ ತುಂಡನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದರು. ಮೊದಲು ಕಪ್ಪಾಯಿತು, ಆಮೇಲೆ ಕೆಂಪು, ಆಮೇಲೆ ಕಿತ್ತಳೆ, ಇನ್ನೂ ಕಾಯಿಸಿ ಎಂದೆ. ಹಳದಿಗೆ ತಿರುಗಿದಾಗ ನೀರಿನ ಬಕೆಟ್ಟಿಗೆ ಹಾಕಿಸಿದೆ. ನೀರು ಚೊರ್ ಅಂದಿತು. ತಣ್ಣಗಾದ ಮೇಲೆ ಎತ್ತಿ ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಅಪ್ಪನ ಕೈಗೆ ಕೊಟ್ಟೆ.

“ಈಗ ಹಚ್ರಿ.”

ಅಪ್ಪ ಹಚ್ಚಿದರು. ಹಿಡಿಯಲಿಲ್ಲ. ತಿರುಗಿಸಿ ಇನ್ನೊಂದು ಮಗ್ಗುಲಿಗೆ ಇಟ್ಟರು. ಮ್ಯಾಗ್ನೆಟ್ ಜಾರಿ ಅವರ ಅಂಗೈಗೆ ಬಿತ್ತು. ಬೇರೆ ತುಂಡೇನೋ ಎಂಬಂತೆ ಅದರ ತುದಿ ನೋಡಿದರು. ನನ್ನ ಮೂರು ಚುಕ್ಕೆ ಅಲ್ಲೇ ಇದ್ದವು. ಬಗ್ಗಿಸಿದ್ದರಿಂದ ಬಂದದ್ದು ಬೆಂಕಿಗೆ ಹೋಯಿತು, ಇದರಲ್ಲಿ ಯಾರೂ ಏನನ್ನೂ ಬದಲಿ ಮಾಡಿಲ್ಲ ಎಂದು ನಾನು ಮತ್ತೆ ವಿವರಿಸಬೇಕಾಗಲಿಲ್ಲ. ಅಪ್ಪನ ಮುಖ ನೋಡಿದರೆ ಸಾಕಿತ್ತು. ಅವರು ಗೆದ್ದ ಮಗಳನ್ನು ನೋಡಿ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆ ಯಾವುದೋ ಲೆಕ್ಕದಲ್ಲಿ ಮುಳುಗಿಹೋಗಿದ್ದರು.

ಎಂಜಿನಿಯರ್ ಕೆಟ್ಟವರಲ್ಲ. ಅವರಿಗೂ ತಿಳಿಯಿತು. “ಹಾಗಾದರೆ ಎಲ್ಲ ಬೆಂಡನ್ನೂ ಹೀಗೆ ಕಾಯಿಸಿ ಕೊಡಿ,” ಅಂದರು.

ಕಾಯಿಸಿದರೆ ಕಪ್ಪಾಗುತ್ತದೆ, ಮೆತ್ತಗಾಗುತ್ತದೆ, ಮತ್ತೆ ಉಜ್ಜಿ ಪಾಲಿಶ್ ಮಾಡಬೇಕು, ಒಳ್ಳೆಯ ಮಾಲನ್ನು ಸುಮ್ಮನೆ ಹಾಳು ಮಾಡಿದಂತೆ ಅಂದೆ. ಅವರು ಕೀಲಿ ಗೊಂಚಲನ್ನು ಬೆರಳಿಗೆ ಸುತ್ತಿಕೊಂಡರು.

“ಮೇಡಂ, ನೀವು ಹೇಳುವುದು ಸರಿ. ಆದರೆ ಮುಂದಿನ ವಾರ ಕಂಪನಿಯ ದೊಡ್ಡವರು ನೋಡಲು ಬರುತ್ತಾರೆ. ಅವರ ಕೈಯಲ್ಲೂ ಮ್ಯಾಗ್ನೆಟ್ ಇರುತ್ತದೆ. ಅವರಿಗೆಲ್ಲ ನಾನು ಬೆಂಕಿ ಹಚ್ಚಿ ತೋರಿಸುತ್ತ ಕೂಡಲೇ? ಹಿಡಿಯದೆ ಇರುವ ಮಾಲು ತಂದುಕೊಡಿ, ಯಾವುದಾದರೂ ಸರಿ. ಬಿಲ್ಲಿನಲ್ಲಿ ಮುನ್ನೂರನಾಲ್ಕು ಅಂತಲೇ ಬರೆಯಿರಿ. ಇದು ಮಾತ್ರ ಸರಿ ಇರಲಿಲ್ಲ ಅಂತ ಒಂದು ಸಹಿ ಹಾಕಿ ಕೊಡಿ, ನನಗೂ ಕಾಗದ ಬೇಕಲ್ಲ.”

ಅಂದರೆ ಅಸಲಿಯನ್ನು ನಕಲಿ ಎಂದು ಬರೆದುಕೊಟ್ಟು, ನಕಲಿಯನ್ನು ಅಸಲಿ ಎಂದು ಮಾರಬೇಕು. ಆಗ ಎಲ್ಲರಿಗೂ ಅನುಕೂಲ. ನನಗೆ ನಗು ಬಂತು, ಸಿಟ್ಟಿನಿಂದ ಬರುವ ನಗು.

ಆಗುವುದಿಲ್ಲ ಅಂದೆ. ಅವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. ಸಾಬ್, ನೀವು ಹಿರಿಯರು, ಇಷ್ಟು ವರ್ಷದ ಅನುಭವ ನಿಮ್ಮದು, ನಿಮ್ಮ ಕೈಯಲ್ಲೂ ಮ್ಯಾಗ್ನೆಟ್ ಇದೆ, ಅದು ಸುಳ್ಳು ಹೇಳುತ್ತದೆಯೇ ನೀವೇ ಹೇಳಿ ಎಂದು ಹಿಂದಿಯಲ್ಲಿ ಕೇಳಿದರು.

ಬಜಾರಿನಲ್ಲಿ ಅಪ್ಪ ಆಡುತ್ತಿದ್ದುದು ದಖನಿ ಉರ್ದು. ಮನಸ್ಸು ಕಲಕಿದಾಗ ಮಾತ್ರ ಎದುರಿಗೆ ಯಾರಿದ್ದಾರೆಂದು ನೋಡದೆ ಕನ್ನಡವೇ ಬಾಯಿಗೆ ಬರುತ್ತಿತ್ತು.

“ಮ್ಯಾಗ್ನೆಟ್ ಸುಳ್ಳ ಹೇಳಿಲ್ರೀ ಸಾಹೇಬ್ರ. ಅದಕ್ಕ ಗೊತ್ತಿಲ್ಲದ್ದನ್ನ ನಾ ಕೇಳೀನಿ. ಇಷ್ಟ ವರ್ಷ ಕೇಳ್ಕೋತ ಬಂದೀನಿ,” ಅಂದರು. ಚೀಲದಿಂದ ಎದ್ದು ಧೂಳು ಕೊಡವಿಕೊಂಡರು. “ನನ್ನ ಮಗಳು ಎದುರಿಗೆ ಕೂತು ಬಗ್ಗಿಸಿ ತಂದ ಮಾಲಿದು. ಸಹಿ ಆಗಂಗಿಲ್ಲ.”

ಏನಂದರು ಎಂದು ಎಂಜಿನಿಯರ್ ನನ್ನನ್ನು ಕೇಳಿದರು.

“ಮಾಲು ನಾವೇ ಒಯ್ಯುತ್ತೇವೆ. ಸಹಿ ಹಾಕುವುದಿಲ್ಲ,” ಎಂದು ತೆಲುಗಿನಲ್ಲಿ ಹೇಳಿದೆ. ವಾಪಸ್ ಚಲನ್ ಮೇಲೆ ಮಾಲಿನ ಹೆಸರಿನ ಮುಂದೆ ಮುನ್ನೂರನಾಲ್ಕು ಎಂದು ದೊಡ್ಡದಾಗಿ ಬರೆದು, ಬಗ್ಗಿಸಿದ ಕಡೆ ಮ್ಯಾಗ್ನೆಟ್ ಹಿಡಿಯಿತೆಂದು ವಾಪಸ್ ಎಂಬ ಕಾರಣವನ್ನೂ ಬರೆದು ಅವರ ಕೈಗೆ ಕೊಟ್ಟೆ.

ಆ ಕಟ್ಟಡ ಹೋಯಿತು. ಅದರ ಹಿಂದೆ ಬರಬಹುದಾಗಿದ್ದ ಇನ್ನಷ್ಟು ಕಟ್ಟಡಗಳೂ ಹೋದವು. ಆ ಹೊಳೆಯುವ ಪೈಪೇ ಅಲ್ಲಿ ಕೂತಿತು. ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಬೇಕೆಂದೇ ಒಳಗೆ ಹೋಗಿ ನೋಡಿದೆ. ಮೆಟ್ಟಿಲ ಬುಡದಲ್ಲಿ, ನೆಲ ತೊಳೆಯುವ ನೀರು ಹಾರುವ ಎತ್ತರಕ್ಕೆ, ಕಂಬಿಯ ತುಂಬ ಕಂದು ಚುಕ್ಕೆ ಎದ್ದಿದ್ದವು. ಕೊರಳಿಗೆ ಗುರುತಿನ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರು ಅದನ್ನೇ ಹಿಡಿದು ಹತ್ತಿ ಹೋಗುತ್ತಿದ್ದರು. ನನಗೆ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನಾನು ಹೇಳಬೇಕಾದದ್ದು ಮಾದಾಪುರದಿಂದ ವಾಪಸ್ ಬಂದ ದಿನದ್ದು. ಟೆಂಪೋದ ಮುಂದಿನ ಸೀಟಿನಲ್ಲಿ ಅಪ್ಪ, ನಾನು, ಡ್ರೈವರು. ಹಿಂದೆ ಕಂಬಿಗಳು ಗುಂಡಿ ಬಂದಲ್ಲೆಲ್ಲ ಸಪ್ಪಳ ಮಾಡುತ್ತಿದ್ದವು. ಅಪ್ಪ ಸಿಕಂದರಾಬಾದ್ ಹತ್ತಿರ ಬಂದಾಗ ಒಂದೇ ಮಾತು ಆಡಿದರು.

“ಮುಶೀರಾಬಾದಿನ ಉಸ್ತಾದ್ ಅದಾನೋ ಇಲ್ಲೋ.”

ನನಗೆ ಆಗ ಹೊಳೆಯಿತು. ಶಾದಿಖಾನೆಯ ಕಂಬಿ. ಅದೂ ಬಗ್ಗಿಸಿದ ಕಡೆ ಹಿಡಿದಿತ್ತು. ನನ್ನ ಪಕ್ಕದಲ್ಲಿ ಪಂಚಿನ ಗುರುತಿತ್ತು, ದ್ರಾವಣವಿತ್ತು, ಉದ್ದ ನಾಲಿಗೆಯೂ ಇತ್ತು. ಆ ಮನುಷ್ಯನ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ.

ಮರುದಿನವೇ ಹೋದೆವು. ಉಸ್ತಾದ್ ಇದ್ದರು. ಗಲ್ಲಿಯ ಒಂದು ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ಮಂಚಗಳಿಗೆ ಕಾಲು ಬಗ್ಗಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಪ್ಪ ಸುಟ್ಟ ತುಂಡನ್ನೂ ಸುಡದ ತುಂಡನ್ನೂ ಅವರ ಮುಂದಿಟ್ಟರು, ಎರಡಕ್ಕೂ ಮ್ಯಾಗ್ನೆಟ್ ಹಚ್ಚಿ ತೋರಿಸಿದರು, ತಪ್ಪು ನನ್ನದು ಎಂದು ಕೈ ಮುಗಿದರು. ಉಸ್ತಾದ್ ಎರಡೂ ತುಂಡುಗಳನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

“ಮೇರೇಕು ಮಾಲೂಮ್ ಥಾ ಸಾಬ್,” ಅಂದರು. ನನಗೆ ಆಗಲೇ ಗೊತ್ತಿತ್ತು ಸಾಬ್. “ಆಪ್ ಕೆ ಹಾತ್ ಮೇ ಚುಂಬಕ್ ಥಾ. ಮೇರೆ ಪಾಸ್ ಖಾಲಿ ಜಬಾನ್ ಥೀ.”

ನಿಮ್ಮ ಕೈಯಲ್ಲಿ ಮ್ಯಾಗ್ನೆಟ್ ಇತ್ತು, ನನ್ನ ಹತ್ತಿರ ಬರೀ ಮಾತಿತ್ತು. ಅಷ್ಟು ಹೇಳಿ ಅವರು ಮಂಚದ ಕಾಲನ್ನು ಮತ್ತೆ ಕೈಗೆತ್ತಿಕೊಂಡರು. ಚಹಾ ಕುಡಿದು ಹೋಗಿ ಎಂದೂ ಅನ್ನಲಿಲ್ಲ.

ಹೊರಗೆ ಬಂದ ಮೇಲೆ ಅಪ್ಪ ಕಣ್ಣೊರೆಸಿಕೊಂಡರು. ನನಗೆ ಅವರ ಮೇಲೆ ಕನಿಕರ ಬಂತು, ಆದರೂ ಬಿಡಲಿಲ್ಲ.

“ಬೇಇಮಾನ್ ಅಂದಿದ್ದು ಬಜಾರದಾಗ. ತಪ್ಪಾತು ಅನ್ನೂದು ಗಲ್ಲಿಯಾಗ ಅಂದ್ರ ಹೆಂಗ್ರಿ ಅಪ್ಪಾ?” ಅಂದೆ.

ಅಪ್ಪ ಸೀದಾ ಅಂಗಡಿಗೆ ನಡೆದರು. ವಾಪಸ್ ಬಂದ ಕಂಬಿಯಲ್ಲಿ ಎರಡನ್ನು ತೆಗೆದು ಅಂಗಡಿಯ ಮೆಟ್ಟಿಲ ಎರಡೂ ಕಡೆ ನೆಡಿಸಿದರು. ರಾಣಿಗಂಜ್‌ನಲ್ಲಿ ಕಿಸೆಯಲ್ಲಿ ಮ್ಯಾಗ್ನೆಟ್ ಇಲ್ಲದ ವ್ಯಾಪಾರಿ ಇರಲಿಲ್ಲ, ಅದು ಅಪ್ಪನೇ ಹಚ್ಚಿದ ಚಟ. ಬಂದವರು ಸುಮ್ಮನೆ ಹಚ್ಚಿ ನೋಡುವರು, ಬೆಂಡಿನಲ್ಲಿ ಹಿಡಿಯುವುದು, ಚುಂಬಕ್‌ವಾಲೇ ಅಂಗಡಿಯಲ್ಲೇ ನಕಲಿ ಮಾಲೇ ಎಂದು ನಗುವರು. ಆಗ ಅಪ್ಪ ಅವರನ್ನು ಕೂರಿಸಿ ಚಹಾ ತರಿಸಿ ಆ ಹಳೇ ಕಥೆ ಹೇಳುತ್ತಿದ್ದರು. ಅದೇ ಶಾದಿಖಾನೆ, ಅದೇ ಕಂಬಿ, ಅದೇ ಬೇಇಮಾನ್. ಕಿಸೆಗೆ ಕೈ ಹಾಕಿ ಮ್ಯಾಗ್ನೆಟ್ ತೆಗೆಯುವುದೂ ಅದೇ. ಕೊನೆ ಮಾತ್ರ ಬೇರೆ: ಉಸ್ತಾದ್ ಸಚ್ಚಾ ಥಾ, ಮೈ ಝೂಟಾ ಥಾ. ಅವನು ಖರೆ ಇದ್ದ, ನಾನು ಸುಳ್ಳಿದ್ದೆ. ಕೇಳಿದವರಿಗೆ ಮುಜುಗರವಾಗುತ್ತಿತ್ತು. ಕೆಲವರು ಚಹಾ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಅಪ್ಪ ಮುಂದಿನವರಿಗೂ ಹೇಳುತ್ತಿದ್ದರು.

ಏಳೆಂಟು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಅಪ್ಪ ಯಾರೋ ಹೊಸ ಗಿರಾಕಿಗೆ ಕಥೆ ಹೇಳುತ್ತಿದ್ದಾಗ ಮೆಟ್ಟಿಲ ಬಳಿ ಒಬ್ಬರು ಬಂದು ನಿಂತರು. ನಾನು ನೋಡಿದೆ, ಅಪ್ಪ ನೋಡಲಿಲ್ಲ. ಬಿಳಿ ಗಡ್ಡ. ಅವರು ಕಥೆಯನ್ನು ಕೊನೆಯ ಮಾತಿನವರೆಗೂ ಕೇಳಿದರು. ಆಮೇಲೆ ನಮ್ಮ ಕಂಬಿಯ ಬೆಂಡಿನ ಒಳಮಗ್ಗುಲಿಗೆ ಹೆಬ್ಬೆರಳು ಒತ್ತಿ ಮೇಲಿಂದ ಕೆಳಕ್ಕೆ ಎಳೆದರು.

“ಯೇ ಕೌನ್ ಮೋಡಾ?” ಅಂದರು. ಇದನ್ನು ಬಗ್ಗಿಸಿದ್ದು ಯಾರು. “ಅಂದರ್ ಸೇ ಚಪಟಾ ಹೋಗಯಾ.”

ಒಳಗಡೆ ಚಪ್ಪಟೆಯಾಗಿದೆಯಂತೆ. ಮೂರು ದಿನ ಸ್ಟೂಲಿನ ಮೇಲೆ ಕೂತು ಕಾದ ನನಗೆ ಅದು ಕಂಡಿರಲಿಲ್ಲ. ಅಪ್ಪ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ತಿರುಗಿ ನೋಡಿದರು. ಆಮೇಲೆ ಸರಿದು ಕೂತು ಬೆಂಚಿನ ಮೇಲೆ ಜಾಗ ಮಾಡಿದರು.